ಗಣಪನ ಕಿವಿ ಬಿಡಿ, ಅವನ ತಮ್ಮ ಜೋಕುಮಾರನ ಸುದ್ದಿ ಯಾಕೆ ಬರಲ್ಲ?

ಸಂಪಾದಕರಿಗೆ ನಮಸ್ಕಾರ,

ಗಣೇಶನ ಹಬ್ಬದ ಪುರವಣಿಲಿ ನಡುವಿನ ಎರಡು ಪುಟ ಪೂರ್ತಿ ಒಂದು ದೊಡ್ಡ ಗಣಪನ ಚಿತ್ರ ಹಾಕಿ, ಒಂದೊಂದು ಅಂಗಕ್ಕೂ ಬಾಣದ ಗುರುತು ಎಳ್ದು ಅರ್ಥ ಬರ್ದಿದ್ರಿ. ದೊಡ್ಡ ಕಿವಿ ಅಂದ್ರೆ ಜಾಸ್ತಿ ಕೇಳಿಸ್ಕೊಳ್ಳಿ, ಸಣ್ಣ ಬಾಯಿ ಅಂದ್ರೆ ಕಮ್ಮಿ ಮಾತಾಡಿ, ಸಣ್ಣ ಕಣ್ಣು ಅಂದ್ರೆ ಏಕಾಗ್ರತೆ, ದೊಡ್ಡ ಹೊಟ್ಟೆ ಅಂದ್ರೆ ಒಳ್ಳೇದು ಕೆಟ್ಟದ್ದು ಎಲ್ಲಾನೂ ಅರಗಿಸ್ಕೊಳ್ಳಿ. ಇದೇ ಪಟ್ಟಿ ಅವತ್ತು ಬೆಳಿಗ್ಗೆ ಆರು ಗಂಟೆಗೇ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ, ಕಸಿನ್ಸ್ ಗ್ರೂಪಲ್ಲಿ, ಮಗಳ ಸ್ಕೂಲ್ ಗ್ರೂಪಲ್ಲಿ ಬಂದು ಬಿದ್ದಿತ್ತು, ಆಮೇಲೆ ಬಾಗಿಲಿಗೆ ಪೇಪರ್ ಬಂತು, ತೆಗೆದ್ರೆ ಅದರಲ್ಲೂ ಅದೇ. ಅಂದಹಾಗೆ ಮೋದಕದ ತಟ್ಟೆ ಕೈಯಲ್ಲೇ ಇಟ್ಕೊಂಡು ಕೂತಿರೋ ದೇವ್ರಿಗೆ ಸಣ್ಣ ಬಾಯಿ ಅಂತ ಮೊದಲು ಯಾರು ಹೇಳಿದ್ರೋ ಅವ್ರನ್ನ ಒಂದ್ಸಲ ನೋಡ್ಬೇಕು ನಾನು.

ನನ್ನ ಮಗಳು, ಒಂಬತ್ತು ವರ್ಷ, ಆ ಪುಟ ಓದಿ "ಓಕೆ ಗೊತ್ತಾಯ್ತು" ಅಂತ ಮಡಚಿಟ್ಟು ಎದ್ದು ಹೋದ್ಲು. ನನ್ನ ತಕರಾರು ಇಷ್ಟೇ ಸ್ವಾಮಿ, ಆ "ಗೊತ್ತಾಯ್ತು" ಅನ್ನೋದೇ. ದೇವ್ರು ಅಂದ್ರೆ ಟ್ರಾಫಿಕ್ ಬೋರ್ಡ್ ಅಲ್ಲವಲ್ಲ, ಕೆಂಪು ಅಂದ್ರೆ ನಿಲ್ಲು ಹಸಿರು ಅಂದ್ರೆ ಹೋಗು ಅಂತ ಒಂದಕ್ಕೆ ಒಂದೇ ಅರ್ಥ ಇರೋಕೆ.

ಮುರಿದ ದಂತಾನೇ ತಗೊಳ್ಳಿ. ನಿಮ್ಮ ಬಾಣದ ತುದೀಲಿ "ಒಳ್ಳೇದನ್ನ ಉಳಿಸ್ಕೊಂಡು ಕೆಟ್ಟದ್ದನ್ನ ಬಿಡಿ" ಅಂತ ಇತ್ತು. ನಮ್ಮ ಜನ ಆ ಒಂದು ದಂತಕ್ಕೆ ಕಮ್ಮಿ ಅಂದ್ರೂ ಮೂರು ಕಥೆ ಹೇಳ್ತಾರೆ. ಅಪ್ಪ ಮಲಗಿದ್ದಾನೆ ಅಂತ ಪರಶುರಾಮನ್ನ ಬಾಗಿಲಲ್ಲೇ ತಡೆದ, ಅವನು ಸಿಟ್ಟಲ್ಲಿ ಕೊಡಲಿ ಬೀಸಿದ, ಆ ಕೊಡಲಿ ಶಿವನೇ ಕೊಟ್ಟಿದ್ದು, ಅಪ್ಪನ ಆಯುಧ ವ್ಯರ್ಥ ಆಗ್ಬಾರ್ದು ಅಂತ ತಪ್ಪಿಸ್ಕೊಳ್ಳದೇ ದಂತದ ಮೇಲೆ ತಗೊಂಡ ಅಂತ ಒಂದು. ವ್ಯಾಸರು ಹೇಳ್ತಾ ಹೋದ ಮಹಾಭಾರತ ಬರೆಯೋಕೆ ತನ್ನ ದಂತಾನೇ ಮುರ್ಕೊಂಡ ಅಂತ ಇನ್ನೊಂದು. ಹೊಟ್ಟೆ ಬಿರಿಯೋಷ್ಟು ಕಡುಬು ತಿಂದು ಇಲಿ ಮೇಲಿಂದ ಬಿದ್ದು, ಹೊಟ್ಟೆ ಒಡೆದು, ಹಾವನ್ನ ಸುತ್ಕೊಂಡು ಎದ್ದಾಗ ಚಂದ್ರ ನಕ್ಕ, ಆಗ ಮುರಿದು ಅವನ ಮೇಲೆ ಎಸ್ದ ಅಂತ ಮೂರನೇದು. ಒಂದರಲ್ಲಿ ಅಪ್ಪನ ಮೇಲಿನ ಗೌರವ, ಒಂದರಲ್ಲಿ ಹಿಡಿದ ಕೆಲಸದ ಹಠ, ಮೂರನೇದ್ರಲ್ಲಿ ಅಪ್ಪಟ ಸಿಟ್ಟು. ಯಾವುದಕ್ಕೆ ಎಳೀತೀರಿ ಬಾಣ? ನಮ್ಮೋರು ಮೂರನ್ನೂ ಒಟ್ಟಿಗೆ ಇಟ್ಕೊಂಡಿದ್ರು, ಯಾವತ್ತೂ ತೊಂದ್ರೆ ಆಗಿರ್ಲಿಲ್ಲ.

ಈಗ ನಾನು ಬರೀಬೇಕು ಅಂತ ಕೂತಿದ್ದ ವಿಷ್ಯಕ್ಕೆ ಬರ್ತೀನಿ. ನನ್ನ ತವರು ಗದಗ ಜಿಲ್ಲೆ, ಮದುವೆ ಆಗಿ ಬೆಂಗಳೂರಿಗೆ ಬಂದು ಹದಿನೈದು ವರ್ಷ ಆಯ್ತು. ನಮ್ಮ ಕಡೆ ಗಣಪ ಒಬ್ನೇ ಬರಲ್ಲ. ಕಾರ ಹುಣ್ಣಿಮೆ ಮುಗಿದ್ಮೇಲೆ ಬರೋ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜೆ ಮಾಡ್ತೀವಿ, ಅದಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಅಂತಾನೇ ಹೆಸ್ರು. ಆಮೇಲೆ ಆಷಾಢದ ಮಂಗಳವಾರ ಹೆಣ್ಮಕ್ಕಳು ಮಣ್ಣಲ್ಲಿ ಗುಳ್ಳವ್ವ ಅನ್ನೋ ದೇವತೆನ ಮಾಡ್ತಾರೆ. ಶ್ರಾವಣದಲ್ಲಿ ಪಂಚಮಿಗೆ ಮಣ್ಣಿನ ನಾಗಪ್ಪ. ಭಾದ್ರಪದ ಚೌತಿಗೆ ಗಣಪ್ಪ, ಅಷ್ಟಮಿಗೆ ಜೋಕುಮಾರ. ಒಟ್ಟು ಐದು ಸಲ, ಅದೂ ಮುಂಗಾರು ಶುರುವಾಗಿ ನೆಲ ಹಸಿಯಾಗಿರೋ ತಿಂಗಳುಗಳಲ್ಲೇ. ಬಿತ್ತೋ ಎತ್ತು, ಹೊಲದಲ್ಲಿರೋ ಹಾವು, ಎಲ್ಲಾ ಅದೇ ಮಣ್ಣಿಂದ ಎದ್ದು ಅದೇ ಮಣ್ಣಿಗೆ ಹೋಗ್ತಾವೆ. ನಮ್ಮೂರಲ್ಲಿ ಇದರ ಸಂಕೇತಾರ್ಥ ಏನು ಅಂತ ಯಾರನ್ನೂ ಯಾರೂ ಕೇಳಿದ್ದಿಲ್ಲ, ಕೈಯೆಲ್ಲಾ ಕೆಸರಾಗಿರ್ತಿತ್ತು.

ಜೋಕುಮಾರ ಯಾರು ಅಂತ ಈ ಕಡೆಯವ್ರಿಗೆ ಹೇಳ್ಬೇಕು. ಗಣಪನ ತಮ್ಮ ಅಂತಾನೇ ಲೆಕ್ಕ. ಅಗಲ ಮುಖ, ಬಿಟ್ಟ ಕಣ್ಣು, ದಪ್ಪ ಮೀಸೆ, ಅರ್ಧ ತೆರೆದ ಬಾಯಿ. ಒಂದು ಬುಟ್ಟೀಲಿ ಬೇವಿನ ಸೊಪ್ಪಿನ ನಡುವೆ ಕೂರಿಸ್ಕೊಂಡು ಆ ಊರಲ್ಲಿ ಅದಕ್ಕೆ ಹಕ್ಕಿರೋ ಮನೆತನದ ಹೆಂಗಸ್ರು ತಲೆ ಮೇಲೆ ಹೊತ್ತು ಮನೆ ಮನೆ ತಿರುಗ್ತಾರೆ, ಮಳೆ ಬರ್ಲಿ ಕೆರೆ ತುಂಬ್ಲಿ ಅಂತ ಹಾಡ್ತಾರೆ, ನಾವು ಮೊರದಲ್ಲಿ ಜೋಳ ತಂದು ಹಾಕಿ ಅವನ ಬಾಯಿಗೆ ಬೆಣ್ಣೆ ಸವರ್ತೀವಿ. ಅವರು ವಾಪಸ್ ಕೊಡೋ ಬೇವಿನ ಎಲೆನ ರೈತರು ಹೊಲಕ್ಕೆ ಹಾಕ್ತಾರೆ. ಏಳೇ ದಿನ ಅವನ ಆಯಸ್ಸು, ಹುಣ್ಣಿಮೆ ರಾತ್ರಿ ಸಾಯ್ತಾನೆ. ಮುಚ್ಚುಮರೆ ಇಲ್ಲದ ಪೋಲಿ ದೇವ್ರು ಕೂಡ ಹೌದು, ಅವನ ಹಾಡು ಪೂರ್ತಿ ನಿಮ್ಮ ಪೇಪರಲ್ಲಿ ಹಾಕೋಕಾಗಲ್ಲ ಬಿಡಿ.

ಕಥೆ ಹಿಂಗಿದೆ. ಶಿವ ಪಾರ್ವತಿ ಭೂಮಿ ಮೇಲೆ ಜನ ಹೆಂಗಿದ್ದಾರೆ ನೋಡ್ಕೊಂಡು ಬಾ ಅಂತ ಮೊದಲು ಗಣಪನ್ನ ಕಳಿಸ್ತಾರೆ. ಇವನು ಬಂದ, ಮನೆ ಮನೆಯಲ್ಲೂ ಕಡುಬು ಹೋಳಿಗೆ, ಚೆನ್ನಾಗಿ ಉಂಡ, ವಾಪಸ್ ಹೋಗಿ ಜನ ಸುಖವಾಗಿದ್ದಾರೆ ಅಂದ. ಆಮೇಲೆ ಜೋಕುಮಾರ ಬಂದ. ಅವನು ಹೊಲ ಗದ್ದೆ ಎಲ್ಲಾ ಅಲೆದ, ಬೆಳೆ ಒಣಗಿರೋದು ಕಂಡ, ಅವನಿಗೆ ಸಿಕ್ಕಿದ್ದು ಅಂಬಲಿ. ಇಲ್ಲೇ ಸತ್ತು ಮೇಲೆ ಹೋಗಿ ಜನರ ಕಷ್ಟ ಹೇಳ್ದ, ಆಗ ಮಳೆ ಬಂತು. ನಮ್ಮಜ್ಜಿ ಇದನ್ನ ಹೇಳ್ತಾ ಹೇಳ್ತಾ "ಅಂವ ಹೊಟ್ಟಿ ತುಂಬ ಉಂಡ ಹೋದಾಂವ, ಅಂವಗೇನ ಗೊತ್ತ ನಮ್ಮ ತ್ರಾಸ" ಅಂತ ಗಣಪನ ಎದುರಿಗೇ ಅಂದುಬಿಡೋಳು, ಅಂದು ಅವನಿಗೇ ಕೈ ಮುಗಿಯೋಳು.

ಪುರವಣಿ ಮಡಚಿಟ್ಟು ಹೋದ ಮಗಳಿಗೆ ರಾತ್ರಿ ಈ ಕಥೆ ಹೇಳ್ದೆ. ಎದ್ದು ಕೂತ್ಲು. "ಹಾಗಾದ್ರೆ ಗಣಪ ಸುಳ್ಳು ಹೇಳಿದ್ನಾ?" ಅಂದ್ಲು. ನಾನು ಏನೋ ಹೇಳೋಕೆ ಹೋದೆ, ಅವನು ಸುಳ್ಳು ಹೇಳ್ಲಿಲ್ಲ ಕಣೇ, ಹಬ್ಬದ ದಿನ ಮಾತ್ರ ನೋಡಿದ್ದ ಅಂತ. "ನಮ್ಮ ಸ್ಕೂಲಿಗೆ ಇನ್ಸ್‌ಪೆಕ್ಷನ್ ಬಂದಾಗ್ಲೂ ಹಂಗೇ ಅಮ್ಮ" ಅಂದ್ಲು. ಯಾವ ಬಾಣದ ಗುರುತಿಂದ ಬರ್ತಿತ್ತು ರೀ ಈ ಮಾತು?

ಮಣ್ಣಿನ ವಿಷ್ಯ ಬಂದಿದ್ದಕ್ಕೆ ಇದೂ ಹೇಳ್ಬಿಡ್ತೀನಿ. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಗಣಪ ಬೇಡ ಅಂತ ಪ್ರತಿ ವರ್ಷ ಬರೀತೀರಿ, ಒಳ್ಳೇದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಲಿ ಪಿಓಪಿ ಮೂರ್ತಿನೇ ಬೇಡ ಅಂತ ಹೇಳಿದೆ. ಆದ್ರೆ ಕಾರಣ ಬರೀ ಕೆರೆ ಹಾಳಾಗುತ್ತೆ ಅಂತ ಅಷ್ಟೇ ಹೇಳ್ತೀರಿ. ಅದಕ್ಕಿಂತ ಮುಂಚೆ ಪೂಜೆನೇ ಅರ್ಧಕ್ಕೆ ನಿಲ್ಲುತ್ತಲ್ಲ. ಮಣ್ಣು ತಂದು ಪ್ರಾಣ ಪ್ರತಿಷ್ಠೆ ಮಾಡಿ ದೇವ್ರು ಅಂತೀವಿ, ಉಂಡು ಆರತಿ ಎಲ್ಲಾ ಆದ್ಮೇಲೆ ಪುನರಾಗಮನಾಯ ಚ, ಅಂದ್ರೆ ಮತ್ತೆ ಬಾ, ಅಂತ ಹೇಳಿ ಮೂರ್ತಿನ ಸ್ವಲ್ಪ ಕದಲಿಸ್ತೀವಿ, ಅಲ್ಲಿಗೆ ಅದು ಮತ್ತೆ ಮಣ್ಣು, ನೀರಿಗೆ ಹಾಕಿದ್ರೆ ಕರಗಬೇಕು. ಕರಗೋದೇ ಹಬ್ಬದ ಕೊನೇ ಭಾಗ. ಮೂರು ದಿನ ಆದ್ಮೇಲೆ ಕೆರೆ ದಡದಲ್ಲಿ ಸೊಂಡಿಲು ಮುರ್ಕೊಂಡು ಅಡ್ಡ ಬಿದ್ದಿರೋ ಪಿಓಪಿ ಗಣಪ ವಾಪಸ್ ಹೋಗೇ ಇಲ್ಲ ಅಂತ ಅರ್ಥ, ಹೋಗದೇ ಇದ್ದೋನನ್ನ ಮುಂದಿನ ವರ್ಷ ಬಾ ಅಂತ ಹೆಂಗೆ ಕರೆಯೋದು.

ಹೋದ ಬೇಸಿಗೇಲಿ ಹಂಪಿಗೆ ಹೋಗಿದ್ವಿ. ಅಲ್ಲಿ ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ ನರಸಿಂಹ, 6.7 ಮೀಟರ್ ಎತ್ತರ, ಒಂದೇ ಬಂಡೆ. ಎಲ್ರೂ ಉಗ್ರ ನರಸಿಂಹ ಅಂತಾರೆ, ಗೈಡ್ ಕೂಡ ಆ ಗುಡ್ಡೆ ಕಣ್ಣು ತೋರ್ಸಿ ಕೋಪದ ಸಂಕೇತ ಅಂದ. ಆದ್ರೆ ಅದು ಮಾಡಿಸಿದಾಗ ಲಕ್ಷ್ಮೀ ನರಸಿಂಹ. ತೊಡೆ ಮೇಲೆ ಲಕ್ಷ್ಮಿ ಕೂತಿದ್ಲು, ಅವಳ ಮೂರ್ತಿ ಒಡೆದು ಹೋಗಿದೆ, ಅವನ ಬೆನ್ನು ಬಳಸಿದ ಅವಳ ಕೈ ಒಂದು ಮಾತ್ರ ಉಳ್ಕೊಂಡಿದೆ. ಹಿಂದೆ ಸುತ್ತಿ ಹೋಗಿ ನೋಡಿದ್ರೆ ಕಾಣುತ್ತೆ. ಹೆಂಡತಿ ಪಕ್ಕದಲ್ಲಿ ಇರೋವರೆಗೂ ಶಾಂತವಾಗಿದ್ದ ದೇವ್ರು, ಅವಳು ಇಲ್ಲ ಅಂದಕೂಡ್ಲೇ ನಮಗೆ ಉಗ್ರ ಆಗ್ಬಿಟ್ಟ, ಮುಖ ಅದೇ. ಅಲ್ಲೇ ಹೇಮಕೂಟದ ಹತ್ರ ಸಾಸಿವೆಕಾಳು ಗಣಪ, ಮುಂದಿನಿಂದ ಒಬ್ನೇ ಕೂತಂಗೆ ಕಾಣ್ತಾನೆ, ಹಿಂದೆ ಹೋದ್ರೆ ಒಬ್ಬ ಹೆಂಗಸಿನ ಬೆನ್ನು, ಅಮ್ಮನ ಮಡಿಲಲ್ಲಿ ಕೂತಿದ್ದಾನೆ. ನಿಮ್ಮ ಚಿತ್ರದಲ್ಲಿ ಹತ್ತೋ ಹನ್ನೆರಡೋ ಬಾಣ ಇತ್ತು, ಎಲ್ಲಾ ಮುಂದಿನಿಂದ.

ಒಂದು ಮಾತು ಒಪ್ಕೋತೀನಿ, ಅರ್ಥ ಹಚ್ಚೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಯುಗಾದಿ ಬೇವು ಬೆಲ್ಲ ನೋಡಿ. ತಿನ್ನೋವಾಗ ಹೇಳೋ ಶತಾಯುರ್ವಜ್ರದೇಹಾಯ ಶ್ಲೋಕದಲ್ಲಿ ನೂರು ವರ್ಷ ಆಯಸ್ಸು, ವಜ್ರದಂಥ ಮೈ, ಸಂಪತ್ತು, ಅರಿಷ್ಟ ಹೋಗ್ಲಿ ಅಂತ ಇದೆಯೇ ಹೊರತು ಸುಖ ದುಃಖ ಎರಡನ್ನೂ ಸಮನಾಗಿ ತಗೋ ಅಂತ ಎಲ್ಲೂ ಇಲ್ಲ, ಬೆಲ್ಲದ ಹೆಸ್ರೂ ಇಲ್ಲ, ಬೇವಿನ ಚಿಗುರು ತಿನ್ನು ಅಂತ ಅಷ್ಟೇ. ಸಿಹಿ ಕಹಿ ಅರ್ಥ ಯಾರೋ ನಮ್ಮಂಥೋರೇ ಬಾಯಲ್ಲಿ ಅಗೀತಾ ಅಗೀತಾ ಕಂಡ್ಕೊಂಡಿದ್ದು. ಅದಕ್ಕೇ ಅದು ನಿಂತಿದೆ, ನಾಲಿಗೆಗೆ ತಟ್ಟಿದ ಅರ್ಥ ಅದು. ಹಂಗೆ ಬಂದ್ರೆ ಬರ್ಲಿ, ಹೊಸದಾದ್ರೂ ಪರ್ವಾಗಿಲ್ಲ. ಮೇಲಿಂದ ಚೀಟಿ ಅಂಟಿಸಿದ್ರೆ ಮಾತ್ರ ನಂಗೆ ಮೈ ಉರಿಯುತ್ತೆ.

ದೀಪಾವಳಿಗೂ ಅದೇ ಚೀಟಿ, ಕೆಟ್ಟದ್ದರ ಮೇಲೆ ಒಳ್ಳೇದರ ಗೆಲುವು. ನರಕ ಚತುರ್ದಶಿಗೆ ಸರಿ ಅನ್ನೋಣ. ಮೂರನೇ ದಿನ ಬಲಿಪಾಡ್ಯಮಿಗೆ ಏನ್ ಮಾಡ್ತೀರಿ? ಬಲಿ ಅಸುರ ರಾಜ, ಪ್ರಹ್ಲಾದನ ಮೊಮ್ಮಗ, ವಾಮನನಿಗೆ ಮೂರು ಹೆಜ್ಜೆ ಕೊಡ್ತೀನಿ ಅಂದ ಮಾತಿಗೆ ತಲೆನೇ ಒಡ್ಡಿದ. ಗೆದ್ದೋನು ವಿಷ್ಣು, ನಾವು ದೀಪ ಇಟ್ಟು ಕಾಯೋದು ಸೋತೋನ್ನ. ತುಳುನಾಡಲ್ಲಿ ಗದ್ದೇಲಿ ದೀಪ ಹಿಡ್ಕೊಂಡು ಕೂ ಹಾಕಿ ಬಲೀಂದ್ರನ್ನ ಕರೀತಾರೆ. ರಾಮ ಅಯೋಧ್ಯೆಗೆ ವಾಪಸ್ ಬಂದ ದಿನ ಅಂತ ಉತ್ತರದ ಕಡೆಯವ್ರು ಹೇಳೋ ಕಥೆನೂ ಇರ್ಲಿ, ಅದು ಅವರದ್ದು, ಚೆನ್ನಾಗೇ ಇದೆ, ಆದ್ರೆ ನಿಮ್ಮ ಪುರವಣಿಲಿ ಎರಡು ವರ್ಷದಿಂದ ಅದೊಂದೇ ಬರ್ತಿದೆ, ಬಲೀಂದ್ರನಿಗೆ ಒಂದು ಕಾಲಂ ಜಾಗ ಇಲ್ಲ.

ವೈಜ್ಞಾನಿಕ ಕಾರಣ ಅಂತ ಹಾಕೋ ಬಾಕ್ಸ್ ಬಗ್ಗೆ ಜಾಸ್ತಿ ಬರೆಯಲ್ಲ. ಗಂಟೆ ಬಾರಿಸಿದ್ರೆ ಮೆದುಳಿನ ಎರಡು ಭಾಗ ಒಂದಾಗುತ್ತಂತೆ! ನಿಜವಾದ ವಿಜ್ಞಾನ ಬೇಕಂದ್ರೆ ಸಂಕ್ರಾಂತಿ ಇದೆಯಲ್ಲ, ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21 ಅಥವಾ 22ಕ್ಕೇ, ಹಬ್ಬ ಬರೋದು ಜನವರಿ 14, 15ಕ್ಕೆ, ಭೂಮಿಯ ಅಕ್ಷ ಬುಗುರಿ ಥರ ನಿಧಾನಕ್ಕೆ ವಾಲಿ ಸುತ್ತೋದ್ರಿಂದ ಸುಮಾರು 70 ವರ್ಷಕ್ಕೊಂದು ದಿನದಂಗೆ ಎರಡೂ ದೂರ ಆಗ್ತಾ ಬಂದಿದೆ. ಇದನ್ನ ಒಂದ್ಸಲ ಬರೀರಿ, ನಾನೇ ಕಟ್ ಮಾಡಿ ಇಟ್ಕೋತೀನಿ.

ನಾಗರ ಪಂಚಮಿದೂ ಒಂದು ನೋವಿದೆ. ಕರಾವಳಿಲಿ ನನ್ನ ಗೆಳತಿ ಮನೆ ಹತ್ರ ನಾಗಬನ ಇತ್ತು, ದೊಡ್ಡ ದೊಡ್ಡ ಮರ, ಬಳ್ಳಿ, ಒಳಗೆ ಕತ್ತಲು, ಒಣಗಿದ ಕಡ್ಡಿನೂ ಯಾರೂ ಮುರೀತಿರ್ಲಿಲ್ಲ. ಈಗ ಜೀರ್ಣೋದ್ಧಾರ ಅಂತ ಮರ ತೆಗೆದು ಕಟ್ಟೆ ಕಟ್ಟಿ ಟೈಲ್ಸ್ ಹಾಕಿದ್ದಾರೆ, ಕಲ್ಲಿನ ನಾಗ ಬಿಸಿಲಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಬೋರ್ಡ್ ಬೇರೆ, ನಾಗಾರಾಧನೆ ಪ್ರಕೃತಿ ಪೂಜೆಯ ಸಂಕೇತ ಅಂತ. ಕಲ್ಲ ನಾಗನಿಗೆ ಹಾಲೆರೆದು ದಿಟದ ನಾಗನ್ನ ಕೊಲ್ಲೋರ ಬಗ್ಗೆ ಬಸವಣ್ಣ 12ನೇ ಶತಮಾನದಲ್ಲೇ ಹೇಳಿದ್ದಾರೆ, ಟೈಲ್ಸ್ ಒಂದು ಅವರಿಗೆ ಗೊತ್ತಿರ್ಲಿಲ್ಲ.

ನಂದೊಂದು ಕೋರಿಕೆ. ಮುಂದಿನ ವರ್ಷ ಆ ಎರಡು ಪುಟ ಓದುಗರಿಗೆ ಬಿಡಿ. ಹಳೇ ಮೈಸೂರಿನವ್ರು ಗೌರಿ ಬಾಗಿನದಲ್ಲಿ ಏನೇನು ಇಡ್ತಾರೆ ಬರೀಲಿ, ಮಲೆನಾಡಿನವ್ರು ದೀಪಾವಳಿಯ ಅಂಟಿಗೆ ಪಂಟಿಗೆ ದೀಪ ಮನೆಯಿಂದ ಮನೆಗೆ ಹೆಂಗೆ ಹೋಗುತ್ತೆ ಬರೀಲಿ, ನಮ್ಮ ಕಡೆಯವ್ರು ದಸರಾಕ್ಕೆ ಬನ್ನಿ ಎಲೆ ಕೊಟ್ಟು ಬಂಗಾರದಂಗ ಇರೋಣ ಅಂದು ಹೋದ ವರ್ಷದ ಜಗಳ ಎಲ್ಲಿಗೆ ಬಂದು ನಿಂತಿತ್ತು ಅದನ್ನೂ ಬರೀಲಿ. ಒಂದಕ್ಕೊಂದು ತಾಳೆ ಆಗ್ದಿದ್ರೆ ಹಂಗೇ ಅಚ್ಚು ಹಾಕಿ, ಸರಿಮಾಡೋಕೆ ಹೋಗ್ಬೇಡಿ. ಜಾಗ ಇಲ್ಲ ಅಂದ್ರೆ ಚೌತಿ ದಿನಾನೇ ಆಗ್ಬೇಕು ಅಂತೇನಿಲ್ಲ, ಜೋಕುಮಾರ ಸಾಯೋ ಹುಣ್ಣಿಮೆ ಹನ್ನೊಂದು ದಿನ ಆದ್ಮೇಲೆ ಬರುತ್ತೆ, ಆವಾಗ ಹಾಕಿ. ಜ್ಯುವೆಲ್ಲರಿ ಜಾಹೀರಾತು ಸಿಗಲ್ಲ, ಅಷ್ಟೆ.

ಇತಿ,
ನಿಮ್ಮ ಹಳೇ ಓದುಗರಲ್ಲಿ ಒಬ್ಬಳು
ಬೆಂಗಳೂರು