ಮಗಳಿಗೊಂದು ಪತ್ರ: ಅಡ್ವಾನ್ಸ್ ಕೊಡೋಕ್ ಮುಂಚೆ ಓದು

ಚಿನ್ನು,

ನೀನು ತಗೋಬೇಕು ಅಂತಿರೋ ಫ್ಲ್ಯಾಟಿನ ಬ್ರೋಷರ್ ಕಳ್ಸಿದ್ಯಲ್ಲ, ಪೂರ್ತಿ ನೋಡ್ದೆ. ಕ್ಲಬ್ ಹೌಸು, ಈಜುಕೊಳ, ಲೇಕ್ ವ್ಯೂ ಎಲ್ಲಾ ಚೆನ್ನಾಗೇ ಇದೆ, ಆದ್ರೆ ಅಷ್ಟು ಪುಟದಲ್ಲಿ ಕಾಂಪೌಂಡಿನ ಆಚೆ ಏನಿದೆ ಅಂತ ಒಂದ್ ಸಾಲೂ ಇಲ್ಲ ಕಣೇ. ಫೋನಲ್ಲಿ ಹೇಳಿದ್ರೆ ಆಯ್ತಮ್ಮ ಆಯ್ತಮ್ಮ ಅಂತ ಇಟ್ಬಿಡ್ತೀಯ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ. ಆರ್ಕಿಟೆಕ್ಟ್ ಆಫೀಸಲ್ಲಿ ಡ್ರಾಯಿಂಗ್ ಹಾಕ್ಕೊಂಡು, ಪ್ಲ್ಯಾನ್ ಸ್ಯಾಂಕ್ಷನ್‌ಗೆ ಅಂತ ಫೈಲ್ ಹಿಡ್ಕೊಂಡು ಅಲೆದೋಳು ನಾನು, ಒಳಗಿನ ಟೈಲ್ಸು ಕಿಚನ್ ಯಾವಾಗ ಬೇಕಾದ್ರೂ ಬದಲಾಯಿಸ್ಬೋದು, ಹೊರಗಿನ ರಸ್ತೆ, ಚರಂಡಿ, ಕೆರೆ ಬದಲಾಯ್ಸೋಕೆ ನಿನ್ ಇಎಂಐಗೆ ಆಗಲ್ಲ.

ಆ ಸೇಲ್ಸ್ ಹುಡುಗ ನಿಂಗೆ ಎಫ್‌ಎಆರ್ ಜಾಸ್ತಿ ಸಿಕ್ಕಿದೆ ಅಂತ ಹೆಮ್ಮೆಯಿಂದ ಹೇಳಿದ್ನಲ್ಲ, ಅದು ಲಾಭ ಅವ್ರಿಗೆ, ನಿಂಗಲ್ಲ. ಎಫ್‌ಎಆರ್ ಅಂದ್ರೆ ಜಾಗದ ಎಷ್ಟು ಪಟ್ಟು ಕಟ್ಬೋದು ಅನ್ನೋ ಲೆಕ್ಕ. 30x40 ಸೈಟು 1200 ಚದರಡಿ, ಎಫ್‌ಎಆರ್ 1.75 ಇದ್ರೆ ಎಲ್ಲಾ ಮಹಡಿ ಸೇರಿ 2100 ಚದರಡಿ. ಎದುರಿನ ರಸ್ತೆ ಅಗಲ ಇದ್ದಷ್ಟೂ ಎಫ್‌ಎಆರ್ ಜಾಸ್ತಿ ಸಿಗತ್ತೆ, ಯಾಕಂದ್ರೆ ಅಷ್ಟು ಮನೆ, ಅಷ್ಟು ಕಾರು, ಅಷ್ಟು ಕೊಳಚೆ ನೀರು ಎಲ್ಲಾ ಆ ರಸ್ತೆ ಮೇಲೇ ಆ ಪೈಪಲ್ಲೇ ಹೋಗ್ಬೇಕು. ಹಾಗಾಗಿ ಕೇಳ್ಬೇಕಾದ್ದು ರಸ್ತೆ ಕಾಗದದ ಮೇಲೆ ಎಷ್ಟು ಅಗಲ, ನೆಲದ ಮೇಲೆ ಎಷ್ಟು ಅಗಲ ಅಂತ. ಟೇಪ್ ತಗೊಂಡ್ ಹೋಗು, ನಾಚ್ಕೋಬೇಡ. ಇನ್ನು ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟೋರಿಗೆ ದುಡ್ಡಿನ ಬದ್ಲು ಟಿಡಿಆರ್ ಅಂತ ಕೊಡ್ತಾರೆ, ಬೇರೆ ಕಡೆ ಹೆಚ್ಚಿಗೆ ಕಟ್ಟೋ ಹಕ್ಕು, ಅದನ್ನ ಮಾರ್ಲೂಬೋದು. ನಿನ್ ಬಿಲ್ಡರ್ ಅದನ್ನೇನಾದ್ರೂ ಕೊಂಡು ಮೇಲೆ ಮಹಡಿ ಏರಿಸ್ತಿದಾನಾ ಅಂತಾನೂ ಕೇಳು.

ಸೆಟ್‌ಬ್ಯಾಕ್ ನಿಂಗೊತ್ತು, ಸುತ್ತ ಬಿಡ್ಬೇಕಾದ ಜಾಗ. ನಮ್ ಬೀದೀಲಿ ಅದನ್ನ ಬಿಡದೆ ಕಟ್ಟಿ ಈಗ ಕಿಟಕಿಯಿಂದ ಕಿಟಕಿಗೆ ಕರಿಬೇವು ಕೊಡ್ಬೋದು ಅನ್ನೋ ಹಾಗಾಗಿದೆ, ಗಾಳಿ ಬೆಳಕು ಹಾಳಾಗ್ಲಿ, ಬೆಂಕಿ ಬಿದ್ರೆ ಯಾರು ಹೇಗೆ ಒಳಗೆ ಹೋಗೋದು.

ಝೋನಿಂಗ್ ಅನ್ನೋದು ಊರಿನ ಯಾವ ಜಾಗ ಯಾವುದಕ್ಕೆ ಅಂತ ಮಾಸ್ಟರ್ ಪ್ಲ್ಯಾನ್ ನಕ್ಷೇಲಿ ತೋರ್ಸೋ ಬಣ್ಣ. ಹಳದಿ ಇದ್ರೆ ವಸತಿ, ನೀಲಿ ವಾಣಿಜ್ಯ, ಹಸಿರು ಪಾರ್ಕು. ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, 2015ರ ತನಕ ಅಂತ ಮಾಡಿದ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ ಜಾರಿಗೆ ಬಂದಿದ್ದು 2007ರಲ್ಲಿ, 2017ರಲ್ಲಿ 2031ರದ್ದು ಅಂತ ಕರಡು ಬಂತು, ಅದು ವಾಪಸ್ ಹೋಯ್ತು, ಹಳೇ ಪ್ಲ್ಯಾನೇ ತನ್ನ ಹೆಸರಲ್ಲಿರೋ ವರ್ಷ ದಾಟಿ ಎಷ್ಟೋ ವರ್ಷ ಓಡ್ತು. ಊರು ಬೆಳೆಯೋದು ಮಾತ್ರ ಯಾರ ಕರಡಿಗೂ ಕಾಯ್ಲಿಲ್ಲ. ಸಿಎ ಸೈಟ್, ಸಿವಿಕ್ ಅಮೆನಿಟಿ ಅಂತ ಬರತ್ತೆ ನೋಡು, ಶಾಲೆ, ಆಸ್ಪತ್ರೆ, ಪೋಸ್ಟಾಫೀಸು ಇಂಥದ್ದಕ್ಕೆ ಮೀಸಲಿಟ್ಟ ಜಾಗ. ಬಿಡಿಎ ಕಾಯ್ದೆ ಪ್ರಕಾರ ಅವರ ಲೇಔಟಲ್ಲಿ ಶೇಕಡ 15ರಷ್ಟು ಪಾರ್ಕು ಆಟದ ಮೈದಾನಕ್ಕೆ, ಅದರ ಮೇಲೆ ಶೇಕಡ 10 ಸಿಎಗೆ ಬಿಡ್ಬೇಕು. ಜಯನಗರದಲ್ಲಿ ನೀನು ಆಡಿ ಬೆಳೆದಿದ್ದು ಯಾರೋ ಹಿಂಗೆ ಮುಂಚೇನೇ ಎತ್ತಿಟ್ಟ ಜಾಗದಲ್ಲಿ. ಮಂಜೂರಾತಿ ಇಲ್ದೆ ಕೃಷಿ ಭೂಮೀಲಿ ಮಾಡೋ ರೆವಿನ್ಯೂ ಲೇಔಟ್‌ಗಳಲ್ಲಿ ಅದನ್ನೂ ಸೈಟ್ ಮಾಡಿ ಮಾರ್ಬಿಟ್ಟಿರ್ತಾರೆ.

ಈಗ ಮುಖ್ಯವಾದ್ದು. ಭಾನುವಾರ ನಾನೂ ನಿಮ್ಮಪ್ಪನೂ ನಿಂಗೆ ಹೇಳ್ದೆ ಅಲ್ಲಿಗೆ ಹೋಗಿದ್ವಿ. ಬೈಕೋಬೇಡ. ಹಿಂದಿನ ಗೇಟ್ ಹತ್ರ ಕಾಂಕ್ರೀಟ್ ಗೋಡೆಯ ಮೋರಿ ಇದ್ಯಲ್ಲ, ಅದನ್ನ ಅವ್ರು ಡ್ರೈನ್ ಅಂದ್ರು, ಅದು ರಾಜಕಾಲುವೆ, ಮಳೆ ನೀರನ್ನ ಕೆರೆಗೆ ಒಯ್ಯೋ ದೊಡ್ಡ ಕಾಲುವೆ. ಪಕ್ಕದ ಖಾಲಿ ಸೈಟಿನ ಕಾಂಪೌಂಡ್ ಗೋಡೆ ಮೇಲೆ ನನ್ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ನೇರವಾಗಿ ಎಳ್ದಂಗಿದೆ, ಅದರ ಕೆಳಗೆ ಬಣ್ಣ ಉಬ್ಬಿ ಉದುರಿದೆ. ನಿಮ್ಮಪ್ಪ ಟೀ ಅಂಗಡಿಯೋರನ್ನ ಕೇಳಿದ್ರೆ, ಮಳೆ ಜೋರಾದ್ರೆ ನಾವು ಗ್ಯಾಸ್ ಸಿಲಿಂಡರ್ ಎತ್ತಿ ಬೆಂಚ್ ಮೇಲೆ ಇಡ್ತೀವಿ ಸಾರ್ ಅಂದ್ರು.

ಬೆಂಗಳೂರು ದಿಬ್ಬದ ಮೇಲಿರೋ ಊರು, ಹತ್ರದಲ್ಲಿ ದೊಡ್ಡ ನದಿ ಇಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಅಂತ ಮೂರು ಕಣಿವೇಲಿ ಇಳಿಯತ್ತೆ. ಒಂದ್ ಕೆರೆ ತುಂಬಿ ಕೋಡಿ ಬಿದ್ರೆ ನೀರು ಕಾಲುವೇಲಿ ಮುಂದಿನ ಕೆರೆಗೆ, ಹಿಂಗೆ ಸರಪಳಿ. ನಿನ್ ಕಡೆ ನೀರೆಲ್ಲ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ ಆಗಿತ್ತು, ಕೆರೆ ಹೋದ್ರೂ ಇಳಿಜಾರು ಹೋಗಲ್ಲ. 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಕಡೆ ಟ್ರ್ಯಾಕ್ಟರು ದೋಣಿ ತಂದು ಜನರನ್ನ ಸಾಗಿಸಿದ್ದು ಇದಕ್ಕೇ. ಅದಕ್ಕೇ ಬಫರ್ ಅಂತ, ಏನೂ ಕಟ್ಟದೆ ಬಿಡ್ಬೇಕಾದ ಜಾಗ, ಇಟ್ಟಿರೋದು: 2015ರ ಆ ಪ್ಲ್ಯಾನಲ್ಲಿ ಕೆರೆಗೆ 30 ಮೀಟರ್, ಪ್ರಥಮ ಅಂದ್ರೆ ಎಲ್ಲಕ್ಕಿಂತ ದೊಡ್ಡ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂದಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಕಾನೂನು ಹಿಂದೆ ಮುಂದೆ ಆಗ್ಬೋದು, ನೀರು ಮಾತ್ರ ಆ ಗೋಡೆ ಗೆರೆವರೆಗೂ ಬಂದಿದೆ.

ದಿಶಾಂಕ್ ಆ್ಯಪ್ ಹಾಕ್ಕೊಂಡು ಆ ಜಾಗದಲ್ಲಿ ನಿಂತ್ರೆ ಸರ್ವೆ ನಂಬರ್ ತೋರ್ಸತ್ತೆ. ಅದನ್ನಿಟ್ಕೊಂಡು ಗ್ರಾಮ ನಕ್ಷೆ ತೆಗೆಸಿ ನೋಡ್ಬೇಕು, ಹಳ್ಳ, ಕೆರೆ, ಬಂಡಿದಾರಿ ಎಲ್ಲಾ ಅದ್ರಲ್ಲಿ ಗುರುತಾಗಿರತ್ತೆ. ಆಮೇಲೆ ಡಿಸಿ ಕನ್ವರ್ಷನ್, ಅಂದ್ರೆ ಕೃಷಿ ಭೂಮಿನ ಬೇರೆ ಉಪಯೋಗಕ್ಕೆ ಪರಿವರ್ತನೆ ಮಾಡಿದ ಆದೇಶ. ಖಾತೆ ಇದೆ ಅಂದ ಮಾತ್ರಕ್ಕೆ ಖುಷಿ ಪಡ್ಬೇಡ, ಖಾತೆ ತೆರಿಗೆ ಕಟ್ಟೋಕೆ, ಮಾಲೀಕತ್ವದ ಪತ್ರ ಅಲ್ಲ, ಅದ್ರಲ್ಲೂ ಬಿ ಖಾತೆ ಅಂದ್ರೆ ಏನೋ ಒಂದು ಸರಿ ಇಲ್ಲ ಅಂತಾನೇ ಅರ್ಥ. ಓಸಿ, ಆಕ್ಯುಪೆನ್ಸಿ ಸರ್ಟಿಫಿಕೇಟ್, ಅಂತೂ ಬಿಡ್ಲೇಬೇಡ, ಮಂಜೂರಾದ ನಕ್ಷೆ ಪ್ರಕಾರಾನೇ ಕಟ್ಟಿದಾರೆ, ವಾಸ ಮಾಡ್ಬೋದು ಅಂತ ಕೊಡೋದು ಅದು. ಓಸಿ ಇಲ್ದೆ ಕರೆಂಟು ನೀರಿನ ಕನೆಕ್ಷನ್ ಕೊಡ್ಬಾರ್ದು ಅಂತ 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆಮೇಲೆ ಎಷ್ಟು ಜನ ಗೋಳಾಡಿದ್ರು ನೋಡಿದ್ಯಲ್ಲ. ಬಿಲ್ಡರ್‌ಗಳ ಪ್ರಾಜೆಕ್ಟ್ ನೋಂದಾಯಿಸೋ ಸರ್ಕಾರಿ ಪ್ರಾಧಿಕಾರ ರೇರಾ, ಅದರ ವೆಬ್‌ಸೈಟಲ್ಲಿ ಪ್ರಾಜೆಕ್ಟ್ ಹೆಸರು ಹಾಕಿದ್ರೆ ಮಂಜೂರಾದ ನಕ್ಷೆ ಸಿಗತ್ತೆ, ನಂಗೆ ಕಳ್ಸು, ಕಾಲುವೆಯಿಂದ ಎಷ್ಟು ದೂರ ತೋರ್ಸಿದಾರೆ ಅಂತ ನಾನೇ ಸ್ಕೇಲ್ ಇಟ್ಟು ನೋಡ್ತೀನಿ.

ಅಳಿಯಂದ್ರಿಗೂ ಇದನ್ನ ಓದ್ಸು. ಆಫರ್ ತಿಂಗಳ ಕೊನೇಗೆ ಮುಗಿಯತ್ತೆ ಅಂತ ಆ ಹುಡುಗ ದಿನಾ ಫೋನ್ ಮಾಡ್ತಾನೆ, ಮಾಡ್ಲಿ, ಮುಂದಿನ ತಿಂಗ್ಳೂ ಅದೇ ಆಫರ್ ಇರತ್ತೆ.

ಅಮ್ಮ