‘ಡಿಪ್ರೆಶನ್’ ಎಂದಷ್ಟೇ ಬರೆದರೆ ಸಾಲದು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಲ್ಲಿ, ಹಾವೇರಿಯಿಂದ ಸವಿನಯ ವಿನಂತಿ.

ನಾನು ಔಷಧ ಅಂಗಡಿ ನಡೆಸುವವನು. ನನ್ನ ಕೈಗೆ ಬರುವ ಹೊರರೋಗಿ ಚೀಟಿಗಳಲ್ಲಿ ರಕ್ತದೊತ್ತಡವಿದ್ದರೆ ಅದರ ಅಳತೆ, ಸಕ್ಕರೆ ಕಾಯಿಲೆಯಿದ್ದರೆ ಅದರ ಪ್ರಮಾಣ ನಮೂದಾಗಿರುತ್ತದೆ. ಮನಸ್ಸಿನ ಕಾಯಿಲೆಗೆ ಮಾತ್ರ ಹೆಚ್ಚಿನ ಚೀಟಿಗಳಲ್ಲಿ ‘ಡಿಪ್ರೆಶನ್’ ಎಂಬ ಒಂದೇ ಪದ. ವೈದ್ಯರಿಗೆ ಹೆಚ್ಚಿನ ವಿವರ ಗೊತ್ತಿರಬಹುದು, ಆದರೆ ರೋಗಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋದಾಗ ಜೊತೆಗೆ ಹೋಗುವುದು ಆ ಚೀಟಿಯೇ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಇದು ಮೊದಲ ಸಲದ ಖಿನ್ನತೆಯೋ ಮರುಕಳಿಸಿದ್ದೋ, ಸೌಮ್ಯವೋ ಮಧ್ಯಮವೋ ತೀವ್ರವೋ, ಭ್ರಮೆಗಳೂ ಜೊತೆಗಿವೆಯೋ ಎಂಬುದನ್ನು ಅದು ಬೇರ್ಪಡಿಸುತ್ತದೆ; ಎರಡು ವರ್ಷ ಮೀರಿ ಎಳೆಯುವ ಮಂದ ಸ್ವರೂಪದ ಖಿನ್ನತೆಗೆ ಡಿಸ್ತೀಮಿಯಾ ಎಂಬ ಪ್ರತ್ಯೇಕ ವರ್ಗವಿದೆ. ಖಿನ್ನತೆಯ ಜೊತೆಗೆ ಉನ್ಮಾದವೂ (ಮಿತಿಮೀರಿದ ಉತ್ಸಾಹ, ಚಟುವಟಿಕೆ) ಬಂದುಹೋಗುವ ಬೈಪೋಲಾರ್ ಕಾಯಿಲೆಯ ಗುಂಪೇ ಬೇರೆ. ಅಂಥ ರೋಗಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವೊಮ್ಮೆ ಉನ್ಮಾದ ಕೆರಳುವ ಅಪಾಯವಿರುವುದರಿಂದ ಮನಸ್ಥಿತಿಯ ಏರಿಳಿತ ತಡೆಯುವ ಲಿಥಿಯಂನಂಥ ಔಷಧ ಬೇಕಾಗುತ್ತದೆ. ಸೌಮ್ಯ ಖಿನ್ನತೆಗಾದರೋ ಅನೇಕ ವೇಳೆ ಆಪ್ತಸಮಾಲೋಚನೆಯೇ ಸಾಕು. ಚೀಟಿಯ ಒಂದು ಪದದಿಂದ ಇವುಗಳಲ್ಲಿ ಯಾವುದನ್ನು ಊಹಿಸುವುದು?

ನಮ್ಮ ಭಾಗಕ್ಕೆ ಸಂಬಂಧಿಸಿ ಇನ್ನೊಂದು ಮಾತು. ಒಳಗಿನಿಂದಲೇ ಹುಟ್ಟಿದ ಖಿನ್ನತೆ, ಸಂಕಷ್ಟದಿಂದ ಬಂದ ಖಿನ್ನತೆ ಎಂಬ ಹಳೆಯ ವಿಂಗಡಣೆಯೊಂದಿತ್ತು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ ಅದನ್ನು ಬದಿಗಿಟ್ಟು, ಲಕ್ಷಣ ಮತ್ತು ಅವಧಿಯನ್ನು ಮುಖ್ಯವಾಗಿಸಿತು. ಆದರೆ ಮೆಣಸಿನಕಾಯಿ ಬೆಳೆ ಕೈಕೊಟ್ಟು ನಿದ್ದೆ, ಊಟ, ಮಾತು ಮೂರನ್ನೂ ಬಿಟ್ಟ ಬ್ಯಾಡಗಿ ಸೀಮೆಯ ರೈತನ ಬಗ್ಗೆ ‘ಸಾಲ ತೀರಿದರ ತಾನ ಸರಿಹೋಗ್ತಾನ’ ಎನ್ನುವವರು ಇಂದಿಗೂ ಇದ್ದಾರೆ, ಮತ್ತು ಅವರೆಲ್ಲ ಓದುಬರಹ ಬಾರದವರೇನಲ್ಲ. ಕಾರಣ ಕಣ್ಣಿಗೆ ಕಾಣುತ್ತದೆಂದ ಮಾತ್ರಕ್ಕೆ ಕಾಯಿಲೆಯ ತೀವ್ರತೆಯನ್ನು ಅಳೆಯದೆ ಬಿಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕಾರಿ.

ಆದ್ದರಿಂದ ತಾಲ್ಲೂಕು ಆಸ್ಪತ್ರೆಗಳ ಚೀಟಿ ಮತ್ತು ಶಿಫಾರಸು ಪತ್ರಗಳಲ್ಲಿ ಖಿನ್ನತೆಯ ಬಗೆ, ತೀವ್ರತೆ, ಎಷ್ಟನೆಯ ಸಲ, ಹಿಂದೆ ಉನ್ಮಾದದ ಲಕ್ಷಣ ಕಂಡಿತ್ತೇ ಎಂಬುದಕ್ಕೆ ಜಾಗ ಕಲ್ಪಿಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕನ್ನು ಕೊಟ್ಟಿರುವುದರಿಂದ ರೋಗದ ಹೆಸರಿನ ಬದಲು ಸಂಕೇತವನ್ನು ಬರೆಯಬಹುದು. ಮೇಲೆ ಹೇಳಿದ 11ನೇ ಆವೃತ್ತಿಯಲ್ಲಿ ಮೊದಲ ಸಲದ್ದಕ್ಕೆ 6ಎ70, ಮರುಕಳಿಸಿದ್ದಕ್ಕೆ 6ಎ71 ಎಂಬ ಸಂಕೇತಗಳು ಈಗಾಗಲೇ ಇವೆ. ಹೆರಿಗೆಯ ನಂತರ 42 ದಿನಗಳವರೆಗೆ ಮನೆಗೆ ಭೇಟಿ ಕೊಡುವ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನಸ್ಥಿತಿಯನ್ನೂ ವಿಚಾರಿಸಿ ಬರೆದುಕೊಳ್ಳುವಂತೆ ತರಬೇತಿ ಕೊಡಿಸಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಹಾವೇರಿ, ಗದಗ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮೊದಲು ಇದನ್ನು ಜಾರಿಗೆ ತರಲು ಆದೇಶಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಹಾವೇರಿಯ ಒಬ್ಬ ಔಷಧ ವ್ಯಾಪಾರಿ