ಜೋ ಬೈಡನ್ ಅವರಿಗೆ: ಎದುರು ಪಕ್ಷದವರಿಗೆ ಕೊಡುವುದಾದರೆ ಯಾವ ಖಾತೆ?

ನವೆಂಬರ್ 2020

ಅಧ್ಯಕ್ಷರಾಗಿ ಚುನಾಯಿತರಾದ ಮಾನ್ಯ ಜೋ ಬೈಡನ್ ಅವರಿಗೆ,

ನಿಮ್ಮ ಸಂಪುಟದಲ್ಲಿ ರಿಪಬ್ಲಿಕನ್ನರೊಬ್ಬರಾದರೂ ಇರಬೇಕೆಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ನಿಮ್ಮ ಎದುರಾಳಿಗೂ 7 ಕೋಟಿಗಿಂತ ಹೆಚ್ಚು ಮತ ಬಿದ್ದಿರುವಾಗ ಈ ಬೇಡಿಕೆ ಸಹಜವೇ. ಆದರೆ ಅಷ್ಟು ಜನರ ಮುನಿಸು ಒಂದು ಮಂತ್ರಿಗಿರಿಯಿಂದ ತಣಿಯಲಾರದು ಎಂಬುದನ್ನು, ಈ ದೇಶದ ಪೌರತ್ವ ಪಡೆದ ಕನ್ನಡಿಗನಾಗಿ ನಿಮ್ಮ ಗಮನಕ್ಕೆ ತರಬಯಸುತ್ತೇನೆ.

1940ರ ಜೂನ್‌ನಲ್ಲಿ, ಫ್ರಾನ್ಸ್ ಕುಸಿಯುತ್ತಿದ್ದ ಹೊತ್ತಿನಲ್ಲಿ, ಡೆಮಾಕ್ರಟ್ ಅಧ್ಯಕ್ಷ ರೂಸ್‌ವೆಲ್ಟ್ ಅವರು ರಿಪಬ್ಲಿಕನ್ನರಾದ ಹೆನ್ರಿ ಸ್ಟಿಮ್ಸನ್ ಅವರಿಗೆ ಯುದ್ಧ ಖಾತೆಯನ್ನೂ, 1936ರಲ್ಲಿ ಎದುರು ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಫ್ರಾಂಕ್ ನಾಕ್ಸ್ ಅವರಿಗೆ ನೌಕಾ ಖಾತೆಯನ್ನೂ ಒಪ್ಪಿಸಿದರು. ರಿಪಬ್ಲಿಕನ್ ನಾಯಕರು ಇದರಿಂದ ಸಂತೋಷಪಡಲಿಲ್ಲ, ಕೆರಳಿದರು. ಆದರೂ ಆ ನೇಮಕಗಳು ಫಲಿಸಿದವು. ಬ್ರಿಟನ್ನಿಗೆ ನೆರವಾಗಬೇಕೆಂಬ ಮುಖ್ಯ ವಿಷಯದಲ್ಲಿ ಆ ಮೂವರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಇದರ ತದ್ವಿರುದ್ಧ ಪ್ರಸಂಗವನ್ನು ನೀವು ಒಬಾಮಾ ಅವರ ಉಪಾಧ್ಯಕ್ಷರಾಗಿ ಹತ್ತಿರದಿಂದಲೇ ಕಂಡಿದ್ದೀರಿ. 2009ರ ಫೆಬ್ರವರಿಯಲ್ಲಿ ವಾಣಿಜ್ಯ ಖಾತೆಗೆ ಒಪ್ಪಿಕೊಂಡಿದ್ದ ರಿಪಬ್ಲಿಕನ್ ಸೆನೆಟರ್ ಜಡ್ ಗ್ರೆಗ್, ಹತ್ತು ದಿನ ತುಂಬುವ ಮೊದಲೇ, ಆರ್ಥಿಕ ಉತ್ತೇಜನ ಮಸೂದೆಯಲ್ಲೂ ಅದೇ ಇಲಾಖೆಗೆ ಸೇರಿದ ಜನಗಣತಿಯ ವಿಚಾರದಲ್ಲೂ ಹೊಂದಿಕೆಯಾಗದೆಂದು ಹಿಂದೆ ಸರಿದರು. ಲಗ್ನಪತ್ರಿಕೆ ಹಂಚಿಯಾದ ಮೇಲೆ ಜಾತಕ ಕೂಡಿಸಲು ಕುಳಿತಂತಾಯಿತು. ಅದೇ ಸಂಪುಟದಲ್ಲಿ ಸಾರಿಗೆ ಖಾತೆ ಹೊತ್ತ ರೇ ಲಹುಡ್ ಅವರೂ ರಿಪಬ್ಲಿಕನ್ನರೇ. ಅವರು ಒಬಾಮಾ ಅವರ ಮೊದಲ ಅವಧಿಯುದ್ದಕ್ಕೂ ದುಡಿದರು. ರಸ್ತೆ, ರೈಲುಗಳ ಕೆಲಸದಲ್ಲಿ ಸಿದ್ಧಾಂತದ ಜಗಳಕ್ಕೆ ಅವಕಾಶ ಕಡಿಮೆ.

ರಕ್ಷಣಾ ಖಾತೆಯನ್ನು ಮಾತ್ರ ದಯವಿಟ್ಟು ಎದುರು ಪಕ್ಷಕ್ಕೆ ಬಿಟ್ಟುಕೊಡಬೇಡಿ. ಕ್ಲಿಂಟನ್ ಅವರು ವಿಲಿಯಂ ಕೋಹೆನ್ ಅವರನ್ನು ಅಲ್ಲಿ ಕೂರಿಸಿದರು; ಒಬಾಮಾ ಅವರು ಮೊದಲು ಅಲ್ಲಿದ್ದ ರಾಬರ್ಟ್ ಗೇಟ್ಸ್ ಅವರನ್ನೇ ಮುಂದುವರಿಸಿ, ಮುಂದೆ ಚಕ್ ಹೇಗಲ್ ಅವರನ್ನು ತಂದರು. ರಿಪಬ್ಲಿಕನ್ ಪಾಳಯದ ಈ ಮೂವರೂ ಸಮರ್ಥರೇ ಇರಬಹುದು, ಆದರೆ ಸೇನೆಯನ್ನು ನೋಡಿಕೊಳ್ಳಲು ಡೆಮಾಕ್ರಟರಿಗೆ ಬಾರದು ಎಂಬ ಕೊಂಕುಮಾತಿಗೆ ನಿಮ್ಮ ಪಕ್ಷವೇ ಸಾಕ್ಷಿ ಒದಗಿಸಿದಂತಾಗಿದೆ.

ಆಗಸ್ಟ್‌ನ ನಿಮ್ಮ ಪಕ್ಷದ ಸಮಾವೇಶದಲ್ಲಿ ನಿಮ್ಮ ಪರವಾಗಿ ಮಾತನಾಡಿದ ರಿಪಬ್ಲಿಕನ್ ನಾಯಕ ಜಾನ್ ಕೇಸಿಕ್ ಅವರಂಥವರನ್ನು ಕರೆದರೂ ಎದುರು ಪಾಳಯ ಅದನ್ನು ಋಣಸಂದಾಯವೆಂದೇ ಎಣಿಸುತ್ತದೆ. ಸಾರಿಗೆಯೋ ಮಾಜಿ ಸೈನಿಕರ ಕಲ್ಯಾಣವೋ, ಯಾವುದಾದರೊಂದು ಖಾತೆಯ ಕಾರ್ಯಸೂಚಿಯನ್ನು ಮೊದಲು ಬರೆದು, ಅದನ್ನು ಓದಿ ಒಪ್ಪಿದ ರಿಪಬ್ಲಿಕನ್ನರಿಗೆ ಪೂರ್ಣ ಅಧಿಕಾರದೊಡನೆ ವಹಿಸಿ. ಅಂಥವರು ಸಿಗದಿದ್ದರೆ ನಿಮ್ಮ ಪಕ್ಷದವರಿಗೇ ಕೊಡಿ; ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಮತದಾರ